ಕಾಗದದಲ್ಲಿ ಮೆಟ್ಟಿಲಿಲ್ಲದ ಮನೆ

ಲೀಮಾ ನಗರದ ವಸತಿ ಇಲಾಖೆಯಲ್ಲಿ, ಮೊದಲ ಸಲ ಮನೆ ಕೊಳ್ಳುವವರಿಗೆ ಬುದ್ಧಿ ಹೇಳುವ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ನನ್ನ ಮೊಮ್ಮಗಳು ಸೊರಾಯ್ದಾ ನಿಮ್ಮ ಸಲಹೆಯನ್ನು ಒಂದಕ್ಷರ ಬಿಡದೆ ಪಾಲಿಸಿ ಮನೆ ಮಾಡಿಕೊಂಡಿದ್ದಾಳೆ. ಗೋಡೆ ನೆಟ್ಟಗಿದೆ, ಕಿಟಕಿಯಿಂದ ಬೆಳಕು ಬರುತ್ತದೆ, ಪತ್ರಗಳೆಲ್ಲ ಸರಿಯಾಗಿವೆ. ಕೊರತೆ ಒಂದೇ: ಆ ಮನೆಗೆ ಹತ್ತಿ ಹೋಗಲು ಮೆಟ್ಟಿಲಿಲ್ಲ. ಏಳು ತಿಂಗಳ ಬಸುರಿ ಓಣಿಯಲ್ಲಿ ಆನಿಸಿಟ್ಟ ಮರದ ಏಣಿ ಹತ್ತಿ ತನ್ನ ಮನೆ ಸೇರುತ್ತಾಳೆ, ಅದೇ ಏಣಿ ಇಳಿದು ಕೆಲಸಕ್ಕೆ ಹೋಗುತ್ತಾಳೆ. ಇದನ್ನು ಸರಿಪಡಿಸಬಲ್ಲ ಒಂದೇ ಒಂದು ಮಾತನ್ನು ಆಡಕೂಡದೆಂದು ನಿಮ್ಮ ಕಚೇರಿ ಅವಳಿಗೆ ಲಿಖಿತ ಸೂಚನೆ ಕೊಟ್ಟಿದೆ. ಆದ್ದರಿಂದ ಮಾತನ್ನು ನಾನು ಆಡುತ್ತಿದ್ದೇನೆ, ಅದೂ ಪತ್ರಿಕೆಯಲ್ಲಿ, ಎಲ್ಲರ ಮುಂದೆ. ನನಗಿನ್ನೂ ನಿಮ್ಮ ಸೂಚನೆ ಬಂದಿಲ್ಲ.

ನಾನು ಶಾಲೆಗೆ ಹೋದವಳಲ್ಲ. ಸಿಮೆಂಟ್ ಚೀಲದ ಮೇಲಿನ ಬರಹ, ಬಸ್ಸಿನ ಹಣೆಯ ಮೇಲಿನ ಊರ ಹೆಸರು, ಇವನ್ನು ಓದಿ ಓದಿ ಅಕ್ಷರ ಕಲಿತೆ. ಇಷ್ಟು ವರ್ಷ ಬರೆದದ್ದೆಲ್ಲ ಅಯಾಕುಚೊದಲ್ಲಿರುವ ತಂಗಿಗೆ, ಅರ್ಜೆಂಟೀನಾ ಸೇರಿದ ಸೋದರಳಿಯನಿಗೆ. ಆ ಪತ್ರಗಳಲ್ಲಿ ಮೊದಲು ಆರೋಗ್ಯ ವಿಚಾರಿಸುವುದು ನನ್ನ ರೂಢಿ. ತಾವೂ ಕ್ಷೇಮವೆಂದು ನಂಬಿದ್ದೇನೆ. ಮುಖ್ಯವಾಗಿ ತಮ್ಮ ಮೊಣಕಾಲುಗಳು ಚೆನ್ನಾಗಿರಲಿ. ಈ ಪತ್ರ ಮುಗಿಯುವ ಹೊತ್ತಿಗೆ ಅವುಗಳ ಅಗತ್ಯ ಬೀಳಲಿದೆ.

ನಿಮ್ಮ ಸಲಹಾ ಪುಸ್ತಿಕೆಯ ಮುಖಪುಟ ನೋಡಿದೆ. ಕೆಂಪು ಹೆಂಚಿನ ಇಳಿಜಾರು ಮಾಡು, ಮುಂದೆ ಹಸಿರು ಹುಲ್ಲು, ಬೀಗದ ಕೈ ಎತ್ತಿ ಹಿಡಿದು ನಗುವ ಗಂಡ ಹೆಂಡತಿ. ಲೀಮಾದಲ್ಲಿ ಮಳೆಯೆಂದರೆ ಚಳಿಗಾಲದ ಜಿನುಗು ಮಂಜು. ಅದಕ್ಕೆ ಹರವಿದ ಬಟ್ಟೆ ಪೂರ್ತಿ ತೋಯುವುದೂ ಇಲ್ಲ, ಪೂರ್ತಿ ಒಣಗುವುದೂ ಇಲ್ಲ. ಆ ಹೆಂಚು ಯಾವ ಮಳೆಗೆ ಕಾದು ಕೂತಿದೆ, ಸ್ವಾಮಿ? ಒಳಗೆ ‘ಕೊಳ್ಳುವ ಮುನ್ನ ಮನೆಯ ಸುತ್ತ ಒಮ್ಮೆ ನಡೆದು ನೋಡಿ’ ಎಂದಿದ್ದೀರಿ. ಮನೆಗೆ ಮನೆ ಅಂಟಿಕೊಂಡಿರುವ ನಮ್ಮ ಗುಡ್ಡದಲ್ಲಿ ಹಾಗೆ ನಡೆಯಬೇಕಾದರೆ ಒಂದು ಕಡೆ ಬಂಡೆ ಕೊರೆದುಕೊಂಡು ಹೋಗಬೇಕು, ಇನ್ನೊಂದು ಕಡೆ ಪಕ್ಕದವರ ಮಂಚದ ಮೇಲೆ ಕಾಲಿಡಬೇಕು. ‘ಅಡಿಪಾಯ ಪರೀಕ್ಷಿಸಿ’ ಎಂದಿದ್ದೀರಿ. ಯಾರ ಅಡಿಪಾಯ? ಸೊರಾಯ್ದಾ ಕೊಂಡದ್ದು ಗಾಳಿ.

ಹೌದು, ಗಾಳಿ. ಈ ಗುಡ್ಡದಲ್ಲಿ ನೆಲ ಮುಗಿದು ಎಷ್ಟೋ ಕಾಲವಾಯಿತು. ಮಕ್ಕಳು ಬೆಳೆದು ಸಂಸಾರ ಹೂಡುವಾಗ ಯಾರದಾದರೂ ಚಾವಣಿಯ ಮೇಲಿನ ಗಾಳಿಯನ್ನು ಕೊಳ್ಳುತ್ತಾರೆ, ಎಂದರೆ ಅಲ್ಲಿ ತಮ್ಮ ಮನೆ ಕಟ್ಟಿಕೊಳ್ಳುವ ಹಕ್ಕನ್ನು. ಅದಕ್ಕೆಂದೇ ನಾವು ಕಂಬದ ಕಬ್ಬಿಣದ ಸರಳುಗಳನ್ನು ಕತ್ತರಿಸದೆ ಮೇಲಕ್ಕೆ ಬಿಟ್ಟಿರುತ್ತೇವೆ. ನಿಮ್ಮ ಅಧಿಕಾರಿಗಳು ಅದನ್ನು ಅರೆಬರೆ ಕೆಲಸ ಎನ್ನುತ್ತಾರೆ. ನಾವು ಅದನ್ನು ಮಗಳ ಮನೆ ಎನ್ನುತ್ತೇವೆ.

ಗಾಳಿ ಕೊಳ್ಳಲು ನಮ್ಮಲ್ಲೊಂದು ಪದ್ಧತಿಯಿದೆ. ಕೊಳ್ಳುವವರು ಭಾನುವಾರ ಕೆಳಗಿನ ಮನೆಗೆ ಊಟಕ್ಕೆ ಹೋಗಬೇಕು. ಜೋಳದ ಕಾಳು, ಕುರಿಯ ತಲೆಮಾಂಸ ಹಾಕಿ ಬೆಳಗಿನಿಂದ ಕುದಿಸಿದ ಪತಾಸ್ಕಾ ಸಾರು ಉಣ್ಣಬೇಕು. ಬಟ್ಟಲು ಬರಿದಾದ ಮೇಲೆ ಕೇಳಬೇಕು: “ನಾನು ಎಲ್ಲಿಂದ ಹತ್ಲಿ?” ಕೆಳಗಿನ ಮನೆಯವಳು ಎದ್ದು ಅಂಗಳಕ್ಕೆ ಕರೆದೊಯ್ದು, ಮಣ್ಣಿನ ಮೇಲೆ ಕಾಲಿನಿಂದ ಗೆರೆ ಎಳೆದು, “ಇಲ್ಲಿಂದ ಹತ್ತು” ಅನ್ನಬೇಕು. ಆ ಗೆರೆಯ ಮೇಲೆ ಮೆಟ್ಟಿಲು ಏಳುತ್ತದೆ. ಎಲ್ಲವೂ ಸುಸೂತ್ರವಾಗಿತ್ತು ಎಂದು ನಾನು ಹೇಳುವುದಿಲ್ಲ. ಮಾತು ಮರೆತವರಿದ್ದಾರೆ, ಸತ್ತ ಅಪ್ಪ ಎಳೆದ ಗೆರೆ ನಮಗೆ ಗೊತ್ತೇ ಇಲ್ಲ ಎಂದ ಮಕ್ಕಳಿದ್ದಾರೆ. ಬರೆಸಿಕೊಳ್ಳಿ ಎಂದು ನೀವು ಹೇಳಿದ್ದು ತಪ್ಪಲ್ಲ. ಕೂತು ಉಣ್ಣಬೇಡಿ, ಕೇಳಬೇಡಿ ಎಂದಿರಲ್ಲ, ಅದು ತಪ್ಪು.

ಸೊರಾಯ್ದಾಗೆ ಗಾಳಿ ಮಾರಿದವಳು ಔರೆಲಿಯಾ. ಕ್ಷೌರದಂಗಡಿ ಇಟ್ಟಿರುವ ವಿಧವೆ. ಕೂಸಾಗಿದ್ದಾಗ ಸೊರಾಯ್ದಾಳ ಮೊದಲ ಕೂದಲು ಕತ್ತರಿಸಿದ ಮದ್ರಿನಾ, ಎಂದರೆ ಎರಡನೆಯ ತಾಯಿಯೇ ಸರಿ. ಮಾತುಕತೆಗೆ ಗೊತ್ತು ಮಾಡಿದ ಭಾನುವಾರ ನಾನೂ ಆ ಅಡುಗೆಮನೆಯಲ್ಲಿದ್ದೆ. ಹಿಂದಿನ ದಿನವಷ್ಟೇ ಸೊರಾಯ್ದಾ ನಿಮ್ಮ ಕಡ್ಡಾಯ ತರಬೇತಿ ಮುಗಿಸಿದ್ದಳು. ಅದು ಮುಗಿಸದೆ ನಿಮ್ಮ ಸಹಾಯಧನ ಸಿಗುವುದಿಲ್ಲವಷ್ಟೆ. ಗಂಡನ ಜೊತೆ ಬಂದವಳು ಪುಸ್ತಿಕೆಯನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಳು.

“ಬಾ ಮಗಳೇ, ಕೂತ್ಕೋ. ಪತಾಸ್ಕಾ ಬಿಸಿಬಿಸಿ ಇದೆ.”

“ಬೇಡ ಮದ್ರಿನಾ. ಮೊದ್ಲು ನೋಟರಿ ಹತ್ರ ಹೋಗಿ ಬರೋಣ.”

“ನೋಟರಿ ಬಂದು ಕುಡೀತಾನಾ ನನ್ನ ಸಾರು?”

“ಹಾಗಲ್ಲ... ಮಾರೋರ ಮನೇಲಿ ಉಣ್ಬಾರ್ದು ಅಂತ ಆಫೀಸಿನೋರು ಹೇಳಿದಾರೆ. ದಾಕ್ಷಿಣ್ಯಕ್ಕೆ ಬೀಳ್ತೀವಂತೆ.”

“ಮಾರೋರಾ? ನಿನ್ನ ತಲೇಲಿ ಹೇನು ಹೆಕ್ಕಿದೋಳು ಕಣೇ ನಾನು! ಇವತ್ತು ಮಾರೋಳಾಗ್ಬಿಟ್ನಾ?”

ಸೊರಾಯ್ದಾ ಅಳುಮೋರೆ ಮಾಡಿ ನನ್ನ ಕಡೆ ನೋಡಿದಳು. ನಾನು ಎದುರಿಗಿದ್ದ ಬಟ್ಟಲಿಗೆ ತಲೆ ಬಗ್ಗಿಸಿದೆ. ಅವಳ ಪಾಲಿನದನ್ನೂ ಅವಳ ಗಂಡನ ಪಾಲಿನದನ್ನೂ ನಾನೇ ಉಂಡೆ.

ನೋಟರಿ ಚೆಂದವಾಗಿ ಬರೆದುಕೊಟ್ಟ: ‘ಚಾವಣಿಯ ಮೇಲ್ಮೈಯಿಂದ ಆಕಾಶದ ದಿಕ್ಕಿಗೆ’. ಅಂಗಳದ ಮಾತು ಅದರಲ್ಲಿಲ್ಲ, ಏಕೆಂದರೆ ಅವನಿಗೆ ಯಾರೂ ಹೇಳಲಿಲ್ಲ. ನಮ್ಮ ಗುಡ್ಡದಲ್ಲಿ ಮೆಟ್ಟಿಲಿನ ಮಾತು ಊಟದ ಜೊತೆಗೇ ಆಗಿಹೋಗುವಂಥದ್ದು. ಊಟವೇ ಆಗಲಿಲ್ಲ. ಹೀಗೆ ಮೆಟ್ಟಿಲು ಸಾರಿನ ಬಟ್ಟಲಿಗೂ ಮುದ್ರೆ ಒತ್ತಿದ ಕಾಗದಕ್ಕೂ ನಡುವೆ ಎಲ್ಲೋ ಬಿದ್ದುಹೋಯಿತು.

ಚಾವಣಿ ಹಾಕುವ ದಿನವೂ ಅಷ್ಟೆ. ಅವತ್ತು ನೆರೆಹೊರೆಯವರೆಲ್ಲ ಸಾಲಾಗಿ ನಿಂತು ಕಾಂಕ್ರೀಟಿನ ಬಕೆಟ್ ದಾಟಿಸುವುದು, ಕೆಳಗಿನ ಮನೆಯ ಒಲೆಯಲ್ಲಿ ಎಲ್ಲರಿಗೂ ಅಡುಗೆಯಾಗುವುದು ನಮ್ಮ ಸಂಭ್ರಮ. ‘ತರಬೇತಿಯಿಲ್ಲದ ಜನರಿಂದ ಕೆಲಸ ಮಾಡಿಸಬೇಡಿ’ ಎಂದಿತ್ತು ಪುಸ್ತಿಕೆ. ಕೂಲಿಯವರು ಬಂದರು, ಓಣಿಯಿಂದ ರಾಟೆ ಕಟ್ಟಿ ಸೇದಿದರು, ಹೋದರು. ಔರೆಲಿಯಾ ದೊಡ್ಡ ಪಾತ್ರೆ ತೊಳೆದಿಟ್ಟು ಕಾದಳು. ಯಾರೂ ಕರೆಯಲಿಲ್ಲ.

ಕೊನೆಗೆ ಮೆಟ್ಟಿಲು ಕಟ್ಟಲು ಗಾರೆಯವನನ್ನು ಕರೆದುಕೊಂಡು ಸೊರಾಯ್ದಾ ಔರೆಲಿಯಾಳ ಅಂಗಳಕ್ಕೆ ಹೋದಳು.

“ಯಾವ ಮೆಟ್ಲಮ್ಮಾ?”

“ಮೇಲಕ್ಕೆ ಹೋಗೋದು ಮದ್ರಿನಾ, ಬಟ್ಟೆ ಒಗೆಯೋ ಕಲ್ಲಿನ ಪಕ್ಕ...”

“ಕಾಗದ ತೋರ್ಸು. ಹ್ಞಾಂ, ಆಕಾಶದ ದಿಕ್ಕಿಗೆ ಅಂತಿದೆ. ಹಾಗಾದ್ರೆ ಆಕಾಶದಿಂದ ಇಳಿದು ಬಾ!”

ಓಣಿಯ ಕಡೆ ಕಟ್ಟೋಣವೆಂದರೆ ನೀರಿನ ಲಾರಿಯ ಕೊಳವೆ ಎಳೆದುಕೊಂಡು ಹೋಗುವಷ್ಟೇ ಜಾಗ ಅಲ್ಲಿರುವುದು. ಹುಡುಗಿ ಅತ್ತಳು, ನಿಮ್ಮ ಕಚೇರಿಗೆ ಓಡಿದಳು. ನೀವು ಇದನ್ನು ವ್ಯಾಜ್ಯವೆಂದು ದಾಖಲಿಸಿಕೊಂಡಿರಿ. ವಿಚಾರಣೆಯವರೆಗೆ ಇಬ್ಬರೂ ನೇರವಾಗಿ ಮಾತಾಡಕೂಡದು, ಆಡಿದರೆ ಸಹಾಯಧನ ರದ್ದು ಎಂದಿರಿ. ವಿಚಾರಣೆಗೆ ನೀವು ಕೊಟ್ಟ ದಿನಕ್ಕೆ ಮಗು ಹುಟ್ಟಿ ಮಗುಚಿಕೊಳ್ಳಲು ಕಲಿತಿರುತ್ತದೆ. ಆ ಮಗುವನ್ನು ಆಸ್ಪತ್ರೆಯಿಂದ ತಂದವರು ಏಣಿ ಹತ್ತುವುದು ಹೇಗೆ? ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ನಿಮ್ಮ ಪುಸ್ತಿಕೆಯೇ?

ನಾನೇ ನಿಮ್ಮ ಕಚೇರಿಗೆ ಬಂದೆ. ಗಾಜಿನ ಹಿಂದಿದ್ದ ಗುಮಾಸ್ತ ಮರ್ಯಾದಸ್ಥ, ದೋನ್ಯಾ ಎಂದು ಗೌರವದಿಂದಲೇ ಕರೆದ, ಇಲ್ಲವೆನ್ನಲಾರೆ.

“ದೋನ್ಯಾ, ನಿಮ್ಮ ಮೊಮ್ಮಗಳು ಹೋಗಿ ಕೇಳಿದ್ರೆ ಹಕ್ಕಿಲ್ಲ ಅಂತ ಒಪ್ಕೊಂಡ ಹಾಗಾಗುತ್ತೆ.”

“ಹಕ್ಕಿಲ್ಲ ಕಣಪ್ಪಾ. ಅದಕ್ಕೇ ಕೇಳೋದು.”

“ಮುಂದಿನವ್ರು ಬನ್ನಿ.”

ಅಲ್ಲಿಂದ ನೇರ ಔರೆಲಿಯಾಳ ಅಂಗಡಿಗೆ ಹೋದೆ. ಯಾರದೋ ತಲೆಗೆ ಬಣ್ಣ ಹಚ್ಚುತ್ತಿದ್ದಳು. “ಕೊಡಲ್ಲ ಅಂದ್ನಾ ನಾನು? ಕೇಳ್ಲಿ ಅಂದೆ. ಬಂದು ಕೂತು, ಒಂದು ಬಟ್ಲು ಕುಡಿದು, ಕೇಳ್ಲಿ. ಅಲ್ಲೇ ಗೆರೆ ಎಳೀತೀನಿ. ಆಮೇಲೆ ಆ ನೋಟರಿ ಹತ್ರ ಬೇಕಾದ್ರೂ ಬಂದು ಬರೆಸಿ ಕೊಡ್ತೀನಿ” ಎಂದಳು.

“ಅವಳ ಪರವಾಗಿ ನಾನೇ ಕೇಳ್ತೀನಮ್ಮಾ.”

“ನಿಮ್ಗೆ ಹತ್ತಕ್ಕಾಗುತ್ತಾ ಅಜ್ಜಿ, ಆ ಮೊಣಕಾಲಲ್ಲಿ? ಹತ್ತೋರು ಕೇಳ್ಬೇಕು.”

ಹಟಮಾರಿ. ಸೊರಾಯ್ದಾಳೂ ಹಟಮಾರಿಯೇ, ಮೊದಲ ಕೂದಲು ಯಾರು ಕತ್ತರಿಸುತ್ತಾರೋ ಅವರ ಗುಣ ಬರುತ್ತದೆಂದು ನಮ್ಮಮ್ಮ ಹೇಳುತ್ತಿದ್ದಳು. ಆದರೆ ಇಬ್ಬರು ಹಟಮಾರಿ ಹೆಂಗಸರು ಒಂದು ಅಡುಗೆಮನೆಯಲ್ಲಿ ಕೂತರೆ ಸಂಜೆಯೊಳಗೆ ಮುಗಿಯುವ ಜಗಳವಿದು. ಅದನ್ನು ಸಂಖ್ಯೆ ಕೊಟ್ಟು ಕಪಾಟಿನಲ್ಲಿಟ್ಟವರು ನೀವು.

ಈಗ ಪ್ರತಿದಿನ ಬೆಳಗ್ಗೆ ನಮ್ಮ ಓಣಿಯಲ್ಲಿ ನಡೆಯುವುದನ್ನು ಕೇಳಿ. ಔರೆಲಿಯಾಳ ಚಾವಣಿಯ ಮೇಲೊಂದು ಕಾವಲು ನಾಯಿಯಿತ್ತು, ಹೆಸರು ಕಪಿತಾನ್. ಗಾಳಿ ಮಾರಿದಾಗ ಅದು ಗಾಳಿಯ ಜೊತೆಗೇ ಉಳಿಯಿತು. ಸೊರಾಯ್ದಾ ಕೆಲಸಕ್ಕೆ ಹೋಗಲು ಮೇಲಿನಿಂದ ಏಣಿಗೆ ಕಾಲಿಡುವ ಹೊತ್ತಿಗೆ ಔರೆಲಿಯಾ ಮನೆಯಿಂದ ಹೊರಬಂದು, ಎರಡೂ ಕೈಯಿಂದ ಏಣಿಯ ಬುಡ ಬಿಗಿಯಾಗಿ ಹಿಡಿದು ನಿಲ್ಲುತ್ತಾಳೆ. ಮುಖ ಎತ್ತಿ ನಾಯಿಗೆ ಹೇಳುತ್ತಾಳೆ:

“ಲೋ ಕಪಿತಾನ್, ಏಣಿ ನಡುವಿನ ಅಡ್ಡಪಟ್ಟಿ ಅಲ್ಲಾಡ್ತಿದೆ ಅಂತ ಹೇಳೋ ಅವಳಿಗೆ.”

“ನನಗೆ ಕಾಣಿಸ್ತಿದೆ ಅಂತ ಹೇಳು ಕಪಿತಾನ್.”

“ಚಪ್ಪಲಿ ಬಿಚ್ಚಿ ಇಳೀಬೇಕು ಅಂತ ಹೇಳೋ.”

“ಸರಿ ಅಂತ ಹೇಳು.”

ಕಾಲು ನೆಲಕ್ಕೆ ತಾಗುವವರೆಗೆ ಅವಳು ಕೈ ಬಿಡುವುದಿಲ್ಲ. ತಾಗಿದ ಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಇಬ್ಬರೂ ಒಂದು ಮಾತನ್ನೂ ಆಡಿಲ್ಲ, ಮಾನ್ಯರೇ. ನಿಮ್ಮ ಸೂಚನೆ ಅಕ್ಷರಶಃ ಪಾಲನೆಯಾಗುತ್ತಿದೆ. ದಾಖಲೆಗೆ ಸೇರಿಸಿಕೊಳ್ಳಿ.

ನಾನು ಕೇಳುವುದು ಇಷ್ಟು. ಸೊರಾಯ್ದಾ ತನ್ನ ಮದ್ರಿನಾಳ ಅಡುಗೆಮನೆಯಲ್ಲಿ ಕೂತು ಊಟ ಮಾಡಬಹುದು, ಕೇಳಬೇಕಾದ್ದನ್ನು ಕೇಳಬಹುದು, ಅದರಿಂದ ಸಹಾಯಧನಕ್ಕೆ ತೊಂದರೆಯಿಲ್ಲ ಎಂದು ಒಂದು ಸಾಲು ಬರೆದು ಸಹಿ ಮಾಡಿ. ಹೆರಿಗೆಗೆ ಮೊದಲು ಮಾಡಿ. ಸಿಮೆಂಟು ಗಟ್ಟಿಯಾಗಲೂ ಸಮಯ ಬೇಕು. ಪುಸ್ತಿಕೆಯನ್ನು ಮತ್ತೆ ಅಚ್ಚು ಹಾಕಿಸುವಾಗ ಆ ಹೆಂಚು, ಹುಲ್ಲು ತೆಗೆದು ಮೊದಲ ಪುಟದಲ್ಲೇ ಹೀಗೆ ಹಾಕಿಸಿ: ಕೆಳಗಿನ ಮನೆಯಲ್ಲಿ ಉಣ್ಣಿ. ಎಲ್ಲಿಂದ ಹತ್ತಬೇಕೆಂದು ಕೇಳಿ. ಆಮೇಲೆ ಅದನ್ನು ಬರೆಸಿಕೊಳ್ಳಿ.

ಇದೆಲ್ಲ ಮುದುಕಿಯ ಹರಟೆ ಅನ್ನಿಸಿದರೆ ಯಾವುದಾದರೂ ಭಾನುವಾರ ತಾವೇ ಬನ್ನಿ. ಸಾರು ಇರುತ್ತದೆ. ಉಂಡು ಆ ಏಣಿ ಹತ್ತಿ ಹೊಸ ಮನೆ ನೋಡಿ ಬನ್ನಿ. ಹೆದರಬೇಡಿ, ಔರೆಲಿಯಾ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ನಿಮಗೆ ಹೇಳಬೇಕಾದ್ದು ಅವಳ ಬಳಿ ಬಹಳವಿದೆ. ಎಲ್ಲವನ್ನೂ ನಾಯಿಗೆ ಹೇಳುತ್ತಾಳೆ.

ಇಂತಿ,
ಮೊಮ್ಮಗಳ ಮನೆಯನ್ನು ಇದುವರೆಗೆ ಓಣಿಯಲ್ಲಿ ನಿಂತು ಕತ್ತೆತ್ತಿಯಷ್ಟೇ ನೋಡಿರುವ
ಫೋರ್ತುನಾತಾ ಯರಂಗಾ