ಬೋಧಕರ ಪಕ್ಕದಲ್ಲಿ ಯಾರು ಕೂರಬೇಕು?

ನಮ್ಮ ಕಾರ್ ಕ್ಲಬ್ಬಿನ ಚಾಲನಾ ಶಿಕ್ಷಣ ಸಮಿತಿಯ ಮಾನ್ಯ ಅಧ್ಯಕ್ಷರೇ,

ಪ್ರತಿ ಏಪ್ರಿಲ್‌ನಲ್ಲಿ ಬೋಧಕರಿಗೆಂದೇ ಮೀಸಲಿದ್ದ ಒಂದು ದಿನವನ್ನು ತಾವು ಮೂರು ವರ್ಷಗಳ ಹಿಂದೆ ರದ್ದು ಮಾಡಿದಿರಿ. ಅದನ್ನು ಮರಳಿ ಕೊಡಿ ಎಂದು ಕೇಳಲು ಈ ಪತ್ರ. ಇದೇ ಮಾತನ್ನು ನಾಲ್ಕು ಸಲ ಖಾಸಗಿಯಾಗಿ ಬರೆದಿದ್ದೆ. ಒಂದಕ್ಕೆ ಮಾತ್ರ ಉತ್ತರ ಬಂತು: 'ನಮ್ಮ ಬೋಧಕರೆಲ್ಲರೂ ಈಗಾಗಲೇ ಅರ್ಹರು, ಆ ದಿನವನ್ನು ಕಾಯುತ್ತಿರುವ ವಿದ್ಯಾರ್ಥಿಗಳಿಗೆ ಕೊಡುವುದೇ ನ್ಯಾಯ.' ಎಷ್ಟು ಚೆಂದದ ವಾಕ್ಯ! ಅರ್ಹತೆ ಎಂಬುದು ಒಮ್ಮೆ ಚುಚ್ಚಿಸಿಕೊಂಡರೆ ಸಾಯುವವರೆಗೆ ಕಾಯುವ ಲಸಿಕೆ ಎಂದು ನನಗೆ ತಿಳಿದಿರಲಿಲ್ಲ. ಔಷಧದಂಗಡಿಯಲ್ಲಿ ಮೂವತ್ತೊಂದು ವರ್ಷ ದುಡಿದವಳು ನಾನು. ಅಂಥ ಲಸಿಕೆ ನಮ್ಮ ಕಪಾಟಿಗೆ ಬಂದದ್ದಿಲ್ಲ.

ಹದಿನೇಳು ವರ್ಷಗಳಿಂದ, ವಿಸ್ಕಾನ್ಸಿನ್‌ನ ಈ ಮೆಕ್ಕೆಜೋಳದ ಹೊಲಗಳ ನಡುವಿನ ರೇಸ್ ಟ್ರ್ಯಾಕಿನಲ್ಲಿ, ಸಂಬಳವಿಲ್ಲದೆ, ವಾರಾಂತ್ಯಗಳಲ್ಲಿ ಅಪರಿಚಿತರ ಬಲಬದಿಗೆ ಕೂರುತ್ತಿದ್ದೇನೆ. ಅವರು ತಮ್ಮ ಕಾರನ್ನು ಮನಸಾರೆ ವೇಗವಾಗಿ ಓಡಿಸಲು ಬಂದವರು. ಎಲ್ಲಿ ನೋಡಬೇಕು, ಯಾವಾಗ ಬ್ರೇಕ್ ಒತ್ತಬೇಕು ಎಂದು ಹೆಲ್ಮೆಟ್ಟಿನ ಮೈಕಿನಲ್ಲಿ ಹೇಳುವುದು ನನ್ನ ಕೆಲಸ. ಕಾರು ಅವರದು, ಕಾಲು ಅವರದು, ಜೀವ ಮಾತ್ರ ಇಬ್ಬರದು. ಮಧ್ಯಾಹ್ನ ಅವರು ಸಂಭ್ರಮದಿಂದ ತಮ್ಮವರ ಬಳಿ ಓಡುತ್ತಾರೆ. ನಾನು ನನ್ನ ಕಾರಿನ ಹಿಂಬಾಗಿಲು ತೆರೆದು, ಅಲ್ಲೇ ಕುಳಿತು ಸಾಸೇಜ್ ಬನ್ ತಿನ್ನುತ್ತೇನೆ. ದಿನದ ಕೊನೆಗೆ ಬೋಧಕರಿಗೆಂದು ಇಪ್ಪತ್ತು ನಿಮಿಷ ಟ್ರ್ಯಾಕ್ ಬಿಡುತ್ತೀರಿ. ಅದರಲ್ಲಿ ನನ್ನ ಕಾರನ್ನು ಒಬ್ಬಳೇ ಕೂತು ಓಡಿಸುತ್ತೇನೆ. ಸರಿಯಾಗಿ ಓಡಿಸಿದೆನೋ ತಪ್ಪಾಗಿ ಓಡಿಸಿದೆನೋ, ನೋಡಿದವರಿಲ್ಲ. ಆರು ವರ್ಷಗಳ ಹಿಂದೆ ಲೈಲ್ ತೀರಿಕೊಂಡ ಮೇಲೆ ಮನೆಯಲ್ಲೂ ನನ್ನ ತಪ್ಪು ಎತ್ತಿ ಹೇಳುವವರಿಲ್ಲ. ಆದರೆ ಗಂಡನಿಲ್ಲದ್ದು ತಮ್ಮ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ, ಬಿಡಿ.

ವ್ಯಾಪ್ತಿಗೆ ಬರುವುದು ಆ ಏಪ್ರಿಲ್ ದಿನ. ಅಂದು ಒಬ್ಬ ಬೋಧಕರ ಪಕ್ಕ ಇನ್ನೊಬ್ಬ ಬೋಧಕರು ಕೂತು ತಪ್ಪು ಹಿಡಿಯುತ್ತಿದ್ದರು. ಹನ್ನೊಂದು ವರ್ಷ ನನ್ನ ಪಕ್ಕ ಕೂತವನು ಓರಿನ್ ಗ್ರಾಬ್ನರ್, ಹಾಲು ಕರೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವನು. ಮೊದಲ ವರ್ಷವೇ ಮೈಕಿನಲ್ಲಿ ಬೈದಿದ್ದ: "ಅಲ್ಲ ಮರ್ನಾ, ಬ್ರೇಕಿಂದ ಕಾಲು ಯಾಕೆ ಹಾಗೆ ಕಿತ್ಕೋತೀಯ? ಬಿಸಿ ಹಂಚು ತುಳಿದೋಳ ಥರ! ಮೆಲ್ಲಗೆ ಬಿಡು. ಮಲಗಿದ್ದೋರ ಕೋಣೆಯಿಂದ ಹೊರಗೆ ಬರ್ತಿದ್ದೀಯ ಅನ್ಕೋ."

ಬ್ರೇಕನ್ನು ಥಟ್ಟನೆ ಬಿಟ್ಟರೆ ಕಾರಿನ ಮೂತಿ ಎದ್ದು, ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಇದನ್ನು ನಾನೇ ಮುನ್ನೂರು ಜನರಿಗೆ ಹೇಳಿಕೊಟ್ಟಿದ್ದೇನೆ. ಹೇಳುವುದು ಬಾಯಿ. ಬಿಡಬೇಕಾದದ್ದು ಕಾಲು. ಓರಿನ್ ವರ್ಷಕ್ಕೊಮ್ಮೆ ಆ ಕಾಲನ್ನು ತಿದ್ದುತ್ತಿದ್ದ. ಮುಂದಿನ ಏಪ್ರಿಲ್ ಹೊತ್ತಿಗೆ ಅದು ಅರ್ಧ ಮರೆತಿರುತ್ತಿತ್ತು. ಮತ್ತೆ ತಿದ್ದುತ್ತಿದ್ದ. ತಾವು ಆ ದಿನವನ್ನು ತೆಗೆದಿರಿ. ಅವನ ಮೊಣಕಾಲಿನ ಆಪರೇಷನ್ ಆಯಿತು, ಕಲಿಸುವುದು ನಿಂತಿತು, ಬೋಧಕನ ಪರವಾನಗಿ ಹೋಯಿತು. ನಾವು ಒಬ್ಬರ ಮನೆಗೆ ಒಬ್ಬರು ಹೋದವರಲ್ಲ. ಸೇರಲು ನೆಪವೇ ಉಳಿಯಲಿಲ್ಲ.

ಈಗ ಜೂನ್ ತಿಂಗಳ ಸಂಗತಿ. ನನ್ನ ವಿದ್ಯಾರ್ಥಿನಿ ಯೋಲಾಂಡಾ ಪ್ರೂಯಿಟ್, ಶಾಲಾ ಬಸ್ಸಿನ ಚಾಲಕಿ. ಇಪ್ಪತ್ತು ವರ್ಷ ನಲವತ್ತು ಮಕ್ಕಳ ಗಲಾಟೆಯನ್ನು ಬೆನ್ನಿಗೆ ಹೊತ್ತು ಓಡಿಸಿದವಳಿಗೆ ನನ್ನ ಒಂದು ಗಂಟಲು ಏನು ಲೆಕ್ಕ? ಚೆನ್ನಾಗಿಯೇ ಕಲಿತಳು. ಆದರೆ ಐದನೇ ತಿರುವು, ಗುಡ್ಡ ಇಳಿದು ಬಲಕ್ಕೆ ಹೊರಳುವಲ್ಲಿ, ಅವಳಿಗೆ ಒಗ್ಗಲಿಲ್ಲ.

"ನೀವು ಹೇಳ್ತೀರ, ನಾನು ಹೂಂ ಅಂತೀನಿ, ಮತ್ತೆ ಅದೇ ಕಥೆ," ಎಂದಳು. "ಒಂದ್ಸಲ ನೀವೇ ಓಡಿಸಿ ತೋರಿಸ್ಬಿಡಿ."

ನನ್ನ ಕಾರಿನಲ್ಲಿ ಕೂರಿಸಿಕೊಂಡೆ. ಗುಡ್ಡ ಇಳಿಯುತ್ತ, "ಈಗ ಬ್ರೇಕ್, ಈಗ ಮೆಲ್ಲಗೆ ಬಿಡಬೇಕು" ಎಂದು ಹೇಳುತ್ತಲೇ ಕಾಲನ್ನು ಥಟ್ಟನೆ ಕಿತ್ತೆ. ಕಾರು ತಿರುಗಲಿಲ್ಲ. ಸ್ಟೇರಿಂಗನ್ನು ಇನ್ನಷ್ಟು ತಿರುವಿದೆ. ಚಕ್ರಗಳು ಒಮ್ಮೆಲೇ ನೆಲ ಹಿಡಿದವು, ಹಿಂಬದಿ ಬೀಸಿಕೊಂಡು ಮುಂದೆ ಬಂತು. ಎರಡು ಸುತ್ತು ಗಿರಕಿ ಹೊಡೆದು, ಹುಲ್ಲನ್ನು ಕಿತ್ತುಕೊಂಡು ಹೋಗಿ, ಹಳೆ ಟೈರು ಪೇರಿಸಿದ ಗೋಡೆಗೆ ಎಂಟು ಅಡಿ ಇರುವಾಗ ನಿಂತೆವು. ಗೋಡೆ ಇದ್ದದ್ದು ಅವಳ ಬದಿಗೆ.

ಧೂಳು ಇಳಿಯಿತು. ಆಮೇಲೆ ಅವಳೇ ಕೇಳಿದಳು: "ಇದೂ ಪಾಠದಲ್ಲಿತ್ತಾ?"

"ಇಲ್ಲ. ಇದು ನನ್ನ ತಪ್ಪು. ಕ್ಷಮಿಸು."

"ಏಟೇನೂ ಆಗಿಲ್ಲ, ಬಿಡಿ." ಹೆಲ್ಮೆಟ್ಟಿನ ಗಾಜನ್ನು ಮೇಲೆತ್ತಿದಳು. "ಮರ್ನಾ, ನಮ್ಮ ಬಸ್ ಡಿಪೋದಲ್ಲಿ ವರ್ಷಕ್ಕೊಂದ್ಸಲ ಯಾರಾದ್ರೂ ಬಂದು ನನ್ನ ಹಿಂದಿನ ಸೀಟಲ್ಲಿ ಕೂತು ನೋಡ್ತಾರೆ. ನಿಮ್ಮನ್ನ ಯಾರು ನೋಡ್ತಾರೆ?"

ಶಾಲಾ ಬಸ್ಸಿನ ಡಿಪೋಗೆ ತಿಳಿದದ್ದು ತಮ್ಮ ಸಮಿತಿಗೆ ಏಕೆ ತಿಳಿಯಲಿಲ್ಲ? ಅವರು ಓಡುವುದು ಗಂಟೆಗೆ ನಲವತ್ತು ಮೈಲಿ, ನಾವು ನೂರಹತ್ತು.

ನಾನೇ ವರದಿ ಬರೆದುಕೊಟ್ಟೆ. ತಾವು ಒಂದು ವಾರಾಂತ್ಯದ ವಿರಾಮ ವಿಧಿಸಿ, ನಲವತ್ತು ನಿಮಿಷದ ವಿಡಿಯೋ ನೋಡಲು ಹೇಳಿದಿರಿ. ಕೊನೆಗೆ ಹತ್ತು ಪ್ರಶ್ನೆ. ಅಡುಗೆಮನೆಯ ಮೇಜಿನ ಮುಂದೆ ಕೂತು ಹತ್ತಕ್ಕೆ ಹತ್ತು ತೆಗೆದೆ. ಮೇಜು ಒಂದಿಂಚೂ ಜಾರಲಿಲ್ಲ. 'ಅಭಿನಂದನೆಗಳು, ಮರ್ನಾ!' ಎಂದು ಪರದೆ ಹೇಳಿತು. ಆ ವಾರ ನನ್ನ ಹೆಸರು ಹಿಡಿದು ಮಾತಾಡಿದ್ದು ಅದೊಂದೇ.

ಮರುದಿನ ಓರಿನ್‌ಗೆ ಫೋನ್ ಮಾಡಿದೆ, ಮೂರು ವರ್ಷಗಳ ನಂತರ.

"ಕಾಲು ಮತ್ತೆ ಕಿತ್ತೆಯಾ?" ಎಂದ, ನಾನು ಬಾಯಿ ಬಿಡುವ ಮೊದಲೇ.

"ನಿಂಗೆ ಹೇಗೆ ಗೊತ್ತು?"

"ಇನ್ನೇನಕ್ಕೆ ನೀನು ಫೋನ್ ಮಾಡ್ತೀಯ?"

ಆಗಸ್ಟಿನಲ್ಲಿ ಎರಡು ಗಂಟೆ ದಾರಿ ಓಡಿಸಿಕೊಂಡು, ತನ್ನ ಹಳೆಯ ಹೆಲ್ಮೆಟ್ ಹಿಡಿದು ಬಂದ. ವಿದ್ಯಾರ್ಥಿಗಳನ್ನು ಬಿಟ್ಟು ಪರವಾನಗಿ ಇಲ್ಲದ ಯಾರೂ ಬೋಧಕರ ಕಾರಿನಲ್ಲಿ ಕೂರುವಂತಿಲ್ಲ ಎಂದು ತಮ್ಮವರು ತಡೆದರು. ನಿಯಮ ನಿಯಮವೇ. ಹೊಸ ಮೊಣಕಾಲಿನ ಅರವತ್ತೊಂಬತ್ತರ ಆ ಮನುಷ್ಯ ನನ್ನ ಇಪ್ಪತ್ತು ನಿಮಿಷವನ್ನು ನೋಡಲೆಂದು ಐದನೇ ತಿರುವಿನ ಬೇಲಿಗೆ ಒರಗಿ ನಿಂತ.

ಎರಡು ಸುತ್ತು ಹೊಡೆದು, ಕಾರು ನಿಲ್ಲಿಸುವ ಪಿಟ್ಟಿಗೆ ಬಂದು ಅವನಿಗೆ ಫೋನ್ ಮಾಡಿದೆ.

"ನಿನ್ನ ಹೆಲ್ಮೆಟ್ಟು ಅಲ್ಲಾಡೋದು ಇಲ್ಲಿಂದ್ಲೇ ಕಾಣ್ತು. ಒಬ್ಳೇ ಇದ್ದಾಗ್ಲೂ ಪಾಠ ಹೇಳ್ತಾ ಓಡಿಸ್ತೀಯಾ?" ಎಂದ.

"ಹೂಂ."

"ಯಾರಿಗೆ?"

ಪಕ್ಕದ ಖಾಲಿ ಸೀಟನ್ನು ನೋಡಿದೆ.

"ನೀನು ಮಾತು ಮುಗಿಸೋಕೆ ಅವಸರ ಮಾಡ್ತೀಯ, ಕಾಲೂ ಅದರ ಹಿಂದೆ ಓಡುತ್ತೆ. ಬಾಯಿ ಮುಚ್ಕೊಂಡು ಓಡ್ಸು ನೋಡೋಣ."

ಬಾಯಿ ಮುಚ್ಚಿ ಹೋದೆ. ಕಾರಿನೊಳಗೆ ಅಷ್ಟು ಮೌನ ನನಗೆ ಅಭ್ಯಾಸವಿರಲಿಲ್ಲ. ನಿಜ ಹೇಳಬೇಕೆಂದರೆ ಹೆದರಿದೆ. ಆದರೆ ಕಾಲು ಮೆಲ್ಲಗೆ ಬಿಟ್ಟಿತು. ಬೇಲಿಯ ಬಳಿ ಓರಿನ್ ಒಂದು ಕೈ ಎತ್ತಿದ್ದು ಕಂಡಿತು. ನಾನು ಪಿಟ್ಟಿನಿಂದ ಹೊರಬರುವಷ್ಟರಲ್ಲಿ, ಮಗಳ ಕೊಟ್ಟಿಗೆಯಲ್ಲಿ ಹಸು ಕರೆಯುವ ಹೊತ್ತಾಯಿತು, ಅವಳೊಬ್ಬಳೇ ಇದ್ದಾಳೆಂದು ಅವನು ಹೊರಟಿದ್ದ. ಒಂದು ಕಾಫಿ ಕುಡಿಸಲೂ ಆಗಲಿಲ್ಲ.

ಅಧ್ಯಕ್ಷರೇ, ಬೇಲಿಯಾಚೆ ನಿಂತವನು ಎರಡು ಸುತ್ತಿನಲ್ಲಿ ಕಂಡುಹಿಡಿದದ್ದನ್ನು ತಮ್ಮ ವಿಡಿಯೋ ಕಂಡುಹಿಡಿಯಲಾರದು. ನಮ್ಮಲ್ಲಿ ಅರವತ್ತು ಬೋಧಕರಿದ್ದೇವೆ. ಉಳಿದ ಐವತ್ತೊಂಬತ್ತು ಜನರ ಕಾಲುಗಳು ಏನೇನು ಮರೆತಿವೆಯೋ ನನಗೆ ಗೊತ್ತಿಲ್ಲ. ತಮಗೂ ಗೊತ್ತಿಲ್ಲ. ಅವರಿಗಂತೂ ಗೊತ್ತಿರಲು ಸಾಧ್ಯವೇ ಇಲ್ಲ.

ಬೋಧಕರ ದಿನವನ್ನು ಮತ್ತೆ ಆರಂಭಿಸಿ. ಊಟ ಬೇಡ, ಭಾಷಣ ಬೇಡ, ಪ್ರಮಾಣಪತ್ರ ಬೇಡ. ಒಂದು ಕಾರಿಗೆ ಇಬ್ಬರು ಬೋಧಕರು, ಅದಲುಬದಲು, ಸಂಜೆಯವರೆಗೆ. ಓರಿನ್‌ನಂಥ ಹಳಬರಿಗೆ ಆ ಒಂದು ದಿನ ಸೀಟು ಬಿಟ್ಟುಕೊಡಿ. ಅಲ್ಲಿಯವರೆಗೆ ನನ್ನ ಹೆಸರನ್ನು ಬೋಧಕರ ಪಟ್ಟಿಯಿಂದ ತೆಗೆಯಿರಿ. ಸೆಪ್ಟೆಂಬರಿನ ಪಾಠಗಳಿಗೆ ಯೋಲಾಂಡಾ ನನ್ನನ್ನೇ ಕೇಳಿದ್ದಾಳಂತೆ. ಬೇಡವೆಂದು ನಾನೇ ಅವಳಿಗೆ ಹೇಳಿದ್ದೇನೆ. ಹೇಳುವುದು ಸುಲಭವಾಗಿರಲಿಲ್ಲ, ವಾರಾಂತ್ಯಕ್ಕೆ ನನಗಿದ್ದ ಒಡನಾಟ ಅದೊಂದೇ.

ಏಪ್ರಿಲ್‌ನ ಯಾವ ದಿನವಾದರೂ ಸರಿ. ನನಗೆ ಎಲ್ಲ ದಿನವೂ ಬಿಡುವಿದೆ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಹತ್ತಕ್ಕೆ ಹತ್ತು ಪಡೆದ,
ಮರ್ನಾ ಹಾಲ್ವರ್ಸನ್