ಕೈ ಬೀಸಿದವರಿಗೆಲ್ಲ ನಿಲ್ಲುವ ಕಾರು

ಅಪ್ಪಾ,

ನಾನು ಕೆಲಸಕ್ಕೆ ಹೊರಟೆ. ಅಡುಗೆ ಒಲೆ ಮೇಲಿದೆ, ಬಿಸಿ ಮಾಡಿಕೊಂಡು ತಿನ್ನು. ಮಾತ್ರೆ ಮರೆತೆ ಅಂತ ಸಂಜೆ ತಲೆ ಕೆರೆಯುತ್ತಾ ನಿಲ್ಲಬೇಡ.

ಹೊಸ ರೇಸ್ ಆಟ ಟಿವಿಗೆ ಹಾಕೇ ಇಟ್ಟಿದ್ದೀನಿ, ಆಡು. ಆದರೆ ದಾರಿ ಪಕ್ಕ ಕೈ ಬೀಸುತ್ತಾರಲ್ಲ, ಅವರು ಬಸ್ಸಿಗೆ ಕಾಯುತ್ತಿಲ್ಲ ಅಪ್ಪಾ, ರೇಸ್ ನೋಡೋಕೆ ಬಂದವರು! ನಿನ್ನೆ ನೀನು ಅವರು ಕಂಡಲ್ಲೆಲ್ಲ ಕಾರು ನಿಲ್ಲಿಸಿ ಎಲ್ಲರಿಗಿಂತ ಕೊನೆಗೆ ಬಂದೆ. ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಯಿತು.

ನಗುತ್ತಲೇ ನಿನ್ನ ಕೈ ನೋಡುತ್ತಿದ್ದೆ. ಆ ಸೈಕಲ್ಲಿನವನು ನೀನು ಓಡಿಸುತ್ತಿದ್ದ ಬಸ್ಸಿಗೆ ಅಡ್ಡ ಬಂದು ಬಿದ್ದಾಗಿನಿಂದ, ‘ಸ್ಟೇರಿಂಗ್ ಹಿಡಿದರೆ ಕೈ ನಡುಗುತ್ತೆ, ಇನ್ನು ಬಸ್ ಮುಟ್ಟಲ್ಲ’ ಅಂತೀಯ. ಅವನೇ ಎದ್ದು ಓಡಾಡಿಕೊಂಡಿದ್ದಾನೆ, ನೀನು ಮಾತ್ರ ಮನೆ ಹಿಡಿದು ಕೂತಿದ್ದೀಯ. ನಿನ್ನೆ ಅಷ್ಟು ಹೊತ್ತು ಆಡಿದೆಯಲ್ಲ, ಕೈ ಒಂದು ಸಲವೂ ನಡುಗಲಿಲ್ಲ.

ಡಿಪೋದಿಂದ ಇವತ್ತು ಮತ್ತೆ ಫೋನ್ ಬರುತ್ತೆ. ದಯವಿಟ್ಟು ಎತ್ತು.

ನಿನ್ನ ಬದಲಿಗೆ ಹಾಕಿದ್ದಾರಲ್ಲ ಒಬ್ಬನನ್ನು, ಅವನು ಆಟದಲ್ಲಿದ್ದಿದ್ದರೆ ಮೊದಲು ಬರುತ್ತಿದ್ದ. ನಿನ್ನೆ ಸ್ಟಾಪಿನಲ್ಲಿ ನನ್ನ ಮುಂದೆಯೇ ಬಸ್ ನಿಲ್ಲಿಸದೆ ಹೋದ. ನಾನು ಎಷ್ಟು ಕೈ ಬೀಸಿದೆ ಗೊತ್ತಾ?