ಲಲ್ಲಾ ಪೆರ್ಲಾ ಮನೆಯ ಮೊದಲ ಹಿಟ್ಟು

ಏಪ್ರಿಲ್ 14, ಸೋಮವಾರ

ಆರಕ್ಕೇ ಹಿಟ್ಟು ನಾದಿಟ್ಟೆ. ಏಪ್ರನ್ ಬಿಚ್ಚಿ, ಉಗುರು ಸಂದಿಯೆಲ್ಲ ತೊಳೆದು, ಲಲ್ಲಾ ಪೆರ್ಲಾಗೆ ತರಕಾರಿ ಕೊಟ್ಟು ಬಂದೆ. ಯಹೂದಿಗಳ ಪಸ್ಕ ಹಬ್ಬ ನಡೀತಿದೆ. ಎಂಟು ದಿನ ಅವಳ ಮನೆಗೆ ಹಿಟ್ಟಿನ ಕಣವಾಗಲಿ, ರೊಟ್ಟಿಯ ಚೂರಾಗಲಿ ಸೋಕಬಾರದು. ಈ ಮೆಲ್ಲಾದಲ್ಲಿ, ಹಳೇ ಯಹೂದಿ ಕೇರಿಯಲ್ಲಿ, ಉಳಿದ ಒಬ್ಬಳೇ ಯಹೂದಿ ಅವಳು. ಅವರ ಪ್ರಾರ್ಥನಾಮಂದಿರ ಈಗ ಕಲ್ಚರಲ್ ಸೆಂಟರ್. ಅಪ್ಪನ ರೊಟ್ಟಿ ಒಲೆಯಿದ್ದ ಜಾಗ ಈಗ ಅದರ ಕೆಫೆ. ನಾನು ಅಲ್ಲಿ ಅಡುಗೆಯವಳು.

ಸೆಂಟರಿನ ಡೈರೆಕ್ಟರ್ ಫೌಝಿ ಬಂದ. ಪಸ್ಕ ಮುಗಿಸಿ ಮತ್ತೆ ಹಿಟ್ಟು ಮುಟ್ಟುವ ಮಿಮೂನಾದ ಕಾರ್ಯಕ್ರಮ ಶನಿವಾರ ಸಂಜೆಯಂತೆ.

"ಭಾನುವಾರ, ಸಾಹೇಬ್ರೇ. ಹಬ್ಬ ಮುಗಿದ ಮೇಲಲ್ವಾ ಮಿಮೂನಾ?"

"ಇಂಟರ್ನೆಟ್ಟಲ್ಲಿ ಶನಿವಾರ ಅಂತಿದೆ."

"ಅದು ಇಸ್ರೇಲಿನ ಲೆಕ್ಕ. ಅಲ್ಲಿ ಏಳು ದಿನ. ನಮ್ಮಲ್ಲಿ ಎಂಟು."

"ಯಾಮ್ನಾ, ನೀನ್ಯಾವಾಗ ರಬ್ಬಿ ಆದೆ? ಹೋಗು, ಒಲೆ ನೋಡ್ಕೋ."

ಮೈಯೆಲ್ಲ ಉರಿಯಿತು. ಮಿಮೂನಾ ಸಂಜೆ ಲಲ್ಲಾ ಪೆರ್ಲಾ ಮನೆಗೆ ಮೊದಲ ಹಿಟ್ಟು ಹೋಗುವುದೇ ನಮ್ಮ ಮುಸ್ಲಿಂ ಮನೆಯಿಂದ. ಮೊದಲು ಅಪ್ಪ ಒಯ್ಯುತ್ತಿದ್ದ. ನಲವತ್ತೊಂದು ವರ್ಷದಿಂದ ನಾನು. ನನಗೇ ಹೇಳಿಕೊಡ್ತಾನೆ, ನಿನ್ನೆ ಮೊನ್ನೆ ಬಂದವನು.

ಏಪ್ರಿಲ್ 17

ಗೋಡೆಗೆಲ್ಲ ಪೋಸ್ಟರ್. ಲಲ್ಲಾ ಪೆರ್ಲಾ ಫೋಟೋ, ಕೆಳಗೆ — 'ಜೇನು ದೋಸೆಯ ಮೊದಲ ತುತ್ತು ಇವರಿಂದ'. ಅವಳಿಗೆ ಹೇಳಿದ್ದಾರಾ? ಇಲ್ಲ. ಮುಖ್ಯ ಅತಿಥಿ, ಬಂದು ಕೂತರೆ ಸಾಕು ಅಂದಿದ್ದಾರೆ, ಅಷ್ಟೇ. ಅವಳು ಓದುವ ಕಾಲ ಮುಗಿದಿದೆ, ಕಣ್ಣಿಗೆ ಪೊರೆ.

ನಾಳೆ ಹೋಗಿ ಹೇಳಿಬಿಡುತ್ತೇನೆ.

ಏಪ್ರಿಲ್ 19, ಶನಿವಾರ

ಹೇಳಲಿಲ್ಲ. ಹೇಳಿದರೆ ಅವಳು ಬರುತ್ತಿರಲಿಲ್ಲ. ಬಾಯಿ ಬಿಟ್ಟವಳು ನಾನೇ ಅಂತ ಫೌಝಿಗೆ ಗೊತ್ತಾಗುತ್ತಿತ್ತು. ಕೆಲಸದ ಭಯ... ಥೂ, ನನ್ನ ಬಾಳಿಗಿಷ್ಟು.

ಇನ್ನೂರು ಜನ, ಕ್ಯಾಮೆರಾ, ಹಾಡು. ಫೌಝಿ ದೋಸೆ ಮುರಿದು ಅವಳ ಬಾಯಿ ಹತ್ತಿರ ಹಿಡಿದ. ಎಂಬತ್ತಾರರ ಮುದುಕಿ ಕೈ ಮಡಚಿಕೊಂಡೇ ಕೂತಳು.

"ನಾಳೆ ಬಾ ಮಗಾ, ತಿಂತೀನಿ. ನನ್ನ ಹಬ್ಬ ಇನ್ನೂ ಮುಗಿದಿಲ್ಲ."

"ಅಜ್ಜಿಗೆ ನಾಚಿಕೆ" ಅಂದ ಮೈಕಿನಲ್ಲಿ. ಎಲ್ಲರೂ ನಕ್ಕರು. ಆ ಮೈಕನ್ನು ಅವನ ತಲೆಗೇ ಕುಕ್ಕಬೇಕು ಅನ್ನಿಸಿತು. ಕುಕ್ಕಲಿಲ್ಲ. ನನ್ನ ಕೈತುಂಬ ತಟ್ಟೆ. ಆ ದೋಸೆ ಹುಯ್ದವಳು ನಾನೇ ತಾನೇ.

ಹೋಗುವಾಗ ಬಾಗಿಲ ಹತ್ತಿರ ನಿಂತಳು. ನನ್ನ ಕೈ ಹಿಡಿದು ಮೂಸಿದಳು. ಹಿಟ್ಟಿನ ವಾಸನೆ.

"ನಿನಗೆ ಗೊತ್ತಿತ್ತಲ್ಲ, ಯಾಮ್ನಾ."

ಏಪ್ರಿಲ್ 20, ಭಾನುವಾರ

ಬೆಳಿಗ್ಗೆ ಏಪ್ರನ್ನನ್ನು ಫೌಝಿಯ ಟೇಬಲ್ ಮೇಲೆ ಎಸೆದು ಬಂದೆ. ಎರಡು ದಿನ ಮೊದಲೇ ಎಸೆಯಬೇಕಿತ್ತು. ಈಗ ಎಸೆದು ಯಾರಿಗೇನು ಉಪಕಾರ?

ಸಂಜೆ ಮಾಳಿಗೆ ಹತ್ತಿ ಕಾದೆ. ಮೂರು ನಕ್ಷತ್ರ ಕಂಡು, ಹಬ್ಬ ಮುಗಿಯಿತು ಅಂತಾದ ಮೇಲೆಯೇ ತಟ್ಟೆ ಎತ್ತಿದ್ದು. ಹಿಟ್ಟು, ಹಾಲು, ಜೇನು, ಹಸಿ ಗೋಧಿ ತೆನೆ.

ಪ್ರತಿವರ್ಷ ನನ್ನ ಚಪ್ಪಲಿ ಸದ್ದಿಗೇ ಬಾಗಿಲು ತೆಗೆಯುತ್ತಿದ್ದಳು. ಇವತ್ತು ಬಾಗಿಲು ಹಾಕಿತ್ತು. ತಟ್ಟಿದೆ.

"ಯಾರು?"

ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ ಕೇಳದ ಮಾತು. ಹೆಸರು ಹೇಳಲಿಲ್ಲ.

"ಹಿಟ್ಟು ತಂದಿದ್ದೀನಿ" ಅಂದೆ.

ಅಗುಳಿ ಸರಿಯಿತು. ಬಾಗಿಲು ಒಂದು ಗೇಣು ತೆರೆದು ಕೈ ಮಾತ್ರ ಹೊರಗೆ ಬಂತು, ತಟ್ಟೆಗೆ. ನಾನು ಬಿಡಲಿಲ್ಲ. ಅವಳೂ ಬಿಡಲಿಲ್ಲ.